ಗುಟ್ಕಾ ಬಿಡುವ ಧೈರ್ಯ ತಮ್ಮನಿಗೆ ಮತ್ತೆ ಬರಬೇಕಾದರೆ

ಹದಿನೈದು ದಿನ ಗುಟ್ಕಾ ಬಿಟ್ಟಿದ್ದ ತಮ್ಮ ಮದುವೆಮನೆಯಲ್ಲಿ ಮತ್ತೆ ಹಾಕಿಕೊಂಡ, ಈಗ "ನನ್ನ ಕೈಲಿ ಆಗಲ್ಲ" ಅನ್ನುತ್ತಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಬೈಯುವುದನ್ನು ನಿಲ್ಲಿಸಿ. ಕ್ಯಾನ್ಸರ್ ಫೋಟೋ ತೋರಿಸುವುದೂ ಬೇಡ, ಅದು ಪ್ಯಾಕೆಟ್ ಮೇಲೇ ಇದೆ ಅಲ್ವಾ.

ಅವನಿಗೆ ಈಗ ಬೇಕಿರುವುದು ತನ್ನಿಂದ ಆಗುತ್ತದೆ ಎಂಬ ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದಂತೆ, ಅದು ಬೇರೆಯವರ ಮಾತಿಗಿಂತ ಜಾಸ್ತಿ ಸ್ವಂತ ಗೆಲುವಿನಿಂದ ಹುಟ್ಟುತ್ತದೆ. ಹಾಗಾಗಿ ಆ ಹದಿನೈದು ದಿನ ಹೇಗೆ ತಡೆದುಕೊಂಡ, ಊಟ ಆದ ತಕ್ಷಣ ಏನು ಮಾಡುತ್ತಿದ್ದ, ಗೆಳೆಯರು ಕೊಟ್ಟಾಗ ಏನೆಂದ ಅಂತ ಅವನ ಬಾಯಲ್ಲೇ ಹೇಳಿಸಿ. ನೀವು ಸುಮ್ನೆ ಕೇಳಿಸಿಕೊಳ್ಳಿ.

ಆಮೇಲೆ ಗುರಿ ಚಿಕ್ಕದಿರಲಿ. ಇವತ್ತು ಮಧ್ಯಾಹ್ನ ಊಟದ ನಂತರ ಹತ್ತು ನಿಮಿಷ ತಡೆದರೆ ಸಾಕು. ಚಪಲ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ನೀರು ಕುಡಿಯಲಿ, ಸೋಂಪು ಅಗಿಯಲಿ. ಆದರೆ ಗುಟ್ಕಾ ಬದಲು ಬರೀ ಅಡಿಕೆ ಹಾಕಿಕೊಳ್ಳಬಾರದು, ಅದರಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ಅವನ ವಯಸ್ಸಿನವರೇ ಯಾರಾದರೂ ಬಿಟ್ಟಿದ್ದರೆ ಭೇಟಿ ಮಾಡಿಸಿ, "ಇವನಿಗೆ ಆಯಿತು, ನನಗೂ ಆಗಬಹುದು" ಅನ್ನಿಸುತ್ತದೆ. 1800-112-356 ಸರ್ಕಾರದ ಉಚಿತ ಸಹಾಯವಾಣಿ. ಫೋನ್ ಅವನೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ.