ಸುದ್ದಿಗೂ ಸವಕಳಿ ಉಂಟು

ಬೆಳಗ್ಗೆ ಲೆಕ್ಕಶಾಸ್ತ್ರ, ಮಧ್ಯಾಹ್ನ ಕಂಪ್ಯೂಟರ್ ಕಲಿಸುವ ಶಿಕ್ಷಕಿಯೊಬ್ಬರು ನಮ್ಮ ಪತ್ರಿಕೆಗೆ ಬರೆದ ಪತ್ರದ ಸಾರ ಇದು: 'ಹೋದ ಸಂಚಿಕೆಯಲ್ಲಿ ನೀವು ಅಚ್ಚು ಹಾಕಿದ ನಲವತ್ತು ಉಪಯುಕ್ತ ಜಾಲತಾಣಗಳ ಪಟ್ಟಿಯನ್ನು ಒಂದು ಭಾನುವಾರವಿಡೀ ಕುಳಿತು ಪರೀಕ್ಷಿಸಿದೆ. ಹನ್ನೊಂದು ತೆರೆಯಲೇ ಇಲ್ಲ. ಆರು ಹಣ ಕೇಳಿದವು. ತಿಂಗಳು ತಿಂಗಳೂ ಹೊಸ ತಂತ್ರಾಂಶ, ಹೊಸ ನಿಯಮ, ಹೊಸ ತರಬೇತಿ ಎಂದು ಸುದ್ದಿ ಕೊಡುತ್ತೀರಿ; ಸೋಮವಾರದ ಮೊದಲ ಅವಧಿಗೆ ಬೇಕಾದುದನ್ನು ಮಾತ್ರ ಕೊಡುವುದಿಲ್ಲ. ಇಷ್ಟನ್ನೂ ಓದಲು ನಮಗೆ ಹೊತ್ತಿದೆ ಎಂದು ನಿಮಗೆ ಯಾರು ಹೇಳಿದರು? ಸುದ್ದಿಯ ಪುಟಗಳನ್ನು ತೆಗೆದು ಸಿದ್ಧ ಪಾಠಯೋಜನೆಗಳನ್ನು ಹಾಕಿ. ಅದೂ ಆಗದಿದ್ದರೆ ಕೃತಕ ಬುದ್ಧಿಮತ್ತೆಯಿಂದಲೇ ಪಾಠ ಬರೆಸಿಕೊಳ್ಳಲೇ, ಹೇಳಿಬಿಡಿ.' ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಿದೆವು. ಪಟ್ಟಿ ಸಿದ್ಧಪಡಿಸಿದ ಉಪಸಂಪಾದಕರು ತಲೆ ತಗ್ಗಿಸಿ ಕುಳಿತಿದ್ದರು. ತಪ್ಪು ನನ್ನದು. ಹಿಂದೊಮ್ಮೆ ಅಚ್ಚಾಗಿದ್ದ ಪಟ್ಟಿಗೆ ಇನ್ನೊಂದಿಷ್ಟು ಸೇರಿಸಿ ಕೊಡಿ ಎಂದವನು ನಾನು. ಹಳೆಯವನ್ನು ಮತ್ತೊಮ್ಮೆ ತೆರೆದು ನೋಡಿ ಎಂದು ಹೇಳಲಿಲ್ಲ. ತರಗತಿಯಲ್ಲಿ ನಿಂತು 'ಆರಂಭದ ಶಿಲ್ಕನ್ನು ನಂಬಬೇಡಿ, ಎಣಿಸಿ ನೋಡಿ' ಎಂದು ವರ್ಷಗಟ್ಟಲೆ ಹೇಳಿದವನೇ ಹೀಗೆ ಮಾಡಿದ್ದೇನೆ. ಕ್ಷಮಿಸಿ.

ಆದರೆ ಎಷ್ಟೇ ಜಾಗ್ರತೆ ವಹಿಸಿದ್ದರೂ ಆ ಪಟ್ಟಿಯ ಆಯುಸ್ಸು ಕಡಿಮೆಯೇ. ಜಾಲತಾಣಗಳಲ್ಲಿ ಚಲಿಸುವ ಚಿತ್ರಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶವನ್ನು ನಂಬಿ ಕಟ್ಟಿದ್ದ ಪಾಠ, ಆಟಗಳಿಗೆ 2020ರ ಡಿಸೆಂಬರ್ 31ರಂದು ಆಧಾರವೇ ಕಳಚಿಬಿತ್ತು. ಶಿಕ್ಷಕರು ಪರಸ್ಪರ ಟಿಪ್ಪಣಿ ಹಂಚಿಕೊಳ್ಳುತ್ತಿದ್ದ ಎಡ್‌ಮೋಡೊ 2022ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಗೂಗಲ್‌ನ ಆನ್‌ಲೈನ್ ಬರೆಯುವ ಹಲಗೆ ಜಾಮ್‌ಬೋರ್ಡ್ 2024ರ ಕೊನೆಯ ದಿನ ಹೋಯಿತು. ಇವುಗಳ ಮೇಲೆ ಪಾಠ ಹೆಣೆದಿದ್ದವರು ಪ್ರತಿ ಸಲವೂ ಮೊದಲಿನಿಂದ ಹೆಣೆಯಬೇಕಾಯಿತು. ಆದ್ದರಿಂದ ನಿಮ್ಮ ಕೋಪವನ್ನು ಒಪ್ಪುತ್ತೇನೆ, ನೀವು ಕೇಳಿದ ಪರಿಹಾರವನ್ನು ಒಪ್ಪುವುದಿಲ್ಲ. ಸುದ್ದಿಯನ್ನೇ ಬಿಡಿ ಎಂದಿರಿ. ನಾನು, ಸುದ್ದಿಗೆ ಸವಕಳಿ ಕಟ್ಟಿ, ಅಂದರೆ ಹಳೆಯದಾದಂತೆ ಅದರ ಬೆಲೆಯನ್ನು ಇಳಿಸಿ ಬರೆಯಿರಿ ಎನ್ನುತ್ತೇನೆ.

ಸ್ಥಿರ ಕಂತಿನ ಪದ್ಧತಿ, ಇಳಿಕೆ ಶೇಷ ಪದ್ಧತಿ ಎಂದು ಯಂತ್ರಗಳ ಮೇಲೆ ನೀವು ಮಕ್ಕಳಿಂದ ಲೆಕ್ಕ ಮಾಡಿಸುತ್ತೀರಲ್ಲ, ಅದನ್ನೇ ನೀವು ಕಲಿಸುವ ವಿಷಯದ ಮೇಲೆ ಹಾಕಿ ನೋಡಿ. ಲೂಕಾ ಪಚೋಲಿ ಎಂಬ ಕ್ರೈಸ್ತ ಸನ್ಯಾಸಿ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ವೆನಿಸ್ ವರ್ತಕರ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ ಗಣಿತದ ಪುಸ್ತಕ ಅಚ್ಚಾದದ್ದು 1494ರಲ್ಲಿ. ಪದ್ಧತಿಯನ್ನು ಹುಟ್ಟಿಸಿದವನು ಅವನಲ್ಲ, ಬಳಕೆಯಲ್ಲಿದ್ದುದನ್ನು ಬರೆದಿಟ್ಟವನು. ಹೇಳಬೇಕೆಂದರೆ ನಮ್ಮ ನಿಮ್ಮ ಕಸುಬಿನವನೇ. ಐದು ಶತಮಾನ ಕಳೆದರೂ ಅದರ ಪುಸ್ತಕ ಮೌಲ್ಯದಲ್ಲಿ ಬಿಡಿಗಾಸೂ ಇಳಿದಿಲ್ಲ. ಅದೇ, ಒಂದು ತಂತ್ರಾಂಶದಲ್ಲಿ ಯಾವ ಗುಂಡಿ ಎಲ್ಲಿದೆ ಎಂಬ ತಿಳಿವಳಿಕೆ ಮುಂದಿನ ಆವೃತ್ತಿ ಬರುವಷ್ಟರಲ್ಲಿ ಗುಜರಿಗೆ ಸೇರುತ್ತದೆ. ಈ ಎರಡು ತುದಿಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ಒಂದು ಬದಲಾಗುವುದಿಲ್ಲ ಎಂದು ಗೊತ್ತು, ಇನ್ನೊಂದು ಬದಲಾದರೆ ಕಣ್ಣಿಗೇ ಕಾಣುತ್ತದೆ. ನಮಗೆ ಕೈಕೊಡುವುದು ನಡುವಿನವು. ಬದಲಾಗಿರುತ್ತವೆ, ಸದ್ದು ಮಾಡಿರುವುದಿಲ್ಲ.

ಉದಾಹರಣೆಗೆ 'ಆಸ್ತಿ' ಎಂಬುದರ ವ್ಯಾಖ್ಯೆ. ಭವಿಷ್ಯದಲ್ಲಿ ಆರ್ಥಿಕ ಲಾಭ ಹರಿದುಬರುವ ನಿರೀಕ್ಷೆ ಇರುವ ಸಂಪನ್ಮೂಲ ಎಂದು ನಾನು ಬಾಯಿಪಾಠ ಮಾಡಿಸಿದ್ದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ಮಂಡಳಿ 2018ರಲ್ಲಿ ತನ್ನ ಪರಿಕಲ್ಪನಾ ಚೌಕಟ್ಟನ್ನು ತಿದ್ದಿದಾಗ ಆ 'ನಿರೀಕ್ಷೆ' ವ್ಯಾಖ್ಯೆಯಿಂದ ಹೊರಬಿತ್ತು. ಈಗ ಆಸ್ತಿಯೆಂದರೆ ಹಿಂದಿನ ಘಟನೆಗಳ ಫಲವಾಗಿ ಸಂಸ್ಥೆಯ ಹಿಡಿತದಲ್ಲಿ ಸದ್ಯ ಇರುವ ಆರ್ಥಿಕ ಸಂಪನ್ಮೂಲ. ಆರ್ಥಿಕ ಸಂಪನ್ಮೂಲವೆಂದರೆ ಲಾಭ ತರುವ ಸಾಮರ್ಥ್ಯವಿರುವ ಒಂದು ಹಕ್ಕು. ವಸ್ತುವಿನಿಂದ ಹಕ್ಕಿನ ಕಡೆಗೆ ಒತ್ತು ಸರಿದಿದೆ. ಯಂತ್ರವನ್ನು ತೋರಿಸಿ 'ಇದೇ ಆಸ್ತಿ' ಎಂದರೆ ಒಂದು ಪಾಠ, ಅದನ್ನು ಬಳಸುವ ಹಕ್ಕನ್ನು ತೋರಿಸಿದರೆ ಬೇರೆಯೇ ಪಾಠ. ಗುತ್ತಿಗೆಗೆ ಪಡೆದ ಕಟ್ಟಡವೂ 2019ರಿಂದ ಅದೇ ಮಂಡಳಿಯ ಐಎಫ್‌ಆರ್‌ಎಸ್ 16 ಎಂಬ ಮಾನದಂಡದ ಪ್ರಕಾರ ಬಾಡಿಗೆದಾರನ ಅಢಾವೆ ಪತ್ರಿಕೆಯೊಳಗೆ (ಆಸ್ತಿ, ಹೊಣೆಗಳ ಪಟ್ಟಿಯೊಳಗೆ) ಏಕೆ ಬಂದು ಕುಳಿತಿದೆ ಎಂಬುದು ಎರಡನೆಯ ಪಾಠ ಕೇಳಿದ ವಿದ್ಯಾರ್ಥಿಗೆ ತಾನಾಗಿ ಅರ್ಥವಾಗುತ್ತದೆ.

ಮಧ್ಯಾಹ್ನದ ನಿಮ್ಮ ತರಗತಿಯಿಂದಲೂ ಒಂದು. 'ಪಾಸ್‌ವರ್ಡ್ ಅನ್ನು ಆಗಾಗ ಬದಲಿಸಿ. ದೊಡ್ಡಕ್ಷರ, ಅಂಕಿ, ಚಿಹ್ನೆ ಕಡ್ಡಾಯ' ಎಂದು ಎಷ್ಟು ಪಠ್ಯಗಳು ಇಂದಿಗೂ ಹೇಳುತ್ತಿಲ್ಲ? ಈ ಉಪದೇಶದ ಮೂಲಗಳಲ್ಲೊಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಈ ಶತಮಾನದ ಆರಂಭದಲ್ಲಿ ಹೊರಡಿಸಿದ ಮಾರ್ಗಸೂಚಿ. ಅದೇ ಸಂಸ್ಥೆ 2017ರಲ್ಲಿ ಮಾತು ಬದಲಿಸಿತು. ಕಾರಣವಿಲ್ಲದೆ ಅವಧಿಗೊಮ್ಮೆ ಬದಲಿಸುವಂತೆ ಒತ್ತಾಯಿಸಬೇಡಿ, ಉದ್ದಕ್ಕೆ ಬೆಲೆ ಕೊಡಿ ಎಂದಿತು. ಪದೇ ಪದೇ ಬದಲಿಸಬೇಕಾದವರು ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸಿ ಸುಮ್ಮನಾಗುತ್ತಾರೆ. ಕದಿಯುವವರಿಗೂ ಅದು ಗೊತ್ತು. ಹಳೆಯ ಮಾರ್ಗಸೂಚಿ ಬರೆದಿದ್ದ ಬಿಲ್ ಬರ್ ಅದರ ಬಗ್ಗೆ ತಮಗೀಗ ವಿಷಾದವಿದೆ ಎಂದು ಬಹಿರಂಗವಾಗಿ ಹೇಳಿದರು. ನಾವು ಮಾತ್ರ ಒಂದು ಅಂಕದ ಪ್ರಶ್ನೆಯಲ್ಲಿ ಅದನ್ನೇ ಕೇಳಿಕೊಂಡು ಬಂದಿದ್ದೇವೆ.

ಓದಬೇಕಾದ ಸುದ್ದಿ ಈ ಜಾತಿಯದು. ವರ್ಷಕ್ಕೆ ನಾಲ್ಕೋ ಐದೋ ಬಂದರೆ ಹೆಚ್ಚು. ಅದನ್ನು ನಮ್ಮ ಪತ್ರಿಕೆಯಲ್ಲಿ ಓದುವುದಕ್ಕಿಂತ ನಿಯಮ ಹೊರಡಿಸಿದವರ ಕಾಗದದಲ್ಲೇ ಓದಿ. ಇದನ್ನು ಸಂಪಾದಕನೇ ಹೇಳಬೇಕಾಗಿ ಬಂದದ್ದು ತಮಾಷೆಯೇ, ಇರಲಿ. ಆ ಕಾಗದಗಳಲ್ಲಿ ಎರಡು ಕಡೆ ಬೆರಳಿಡಿ: ಯಾವ ದಿನದಿಂದ ಜಾರಿ, ಮತ್ತು ಏಕೆ ಬದಲಿಸಿದರು. ಮಾನದಂಡ ಮಂಡಳಿ ಪ್ರತಿ ಮಾನದಂಡದ ಜೊತೆಗೆ ತನ್ನ ತೀರ್ಮಾನಗಳ ಕಾರಣಗಳನ್ನೂ ಪ್ರಕಟಿಸುತ್ತದೆ. ಮಾನದಂಡ ಒಣಗಿದ ರೊಟ್ಟಿಯಂತಿದ್ದರೂ ಕಾರಣಗಳಲ್ಲಿ ಜೀವವಿರುತ್ತದೆ, ಯಾರು ಆಕ್ಷೇಪಿಸಿದರು, ಮಂಡಳಿ ಏಕೆ ಒಪ್ಪಲಿಲ್ಲ ಎಂಬುದೆಲ್ಲ ಅಲ್ಲೇ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ಐಎಫ್‌ಆರ್‌ಎಸ್ 18 ಅನ್ನು ಈಗಲೇ ಹೀಗೆ ತೆರೆದುನೋಡಿ. 2027ರ ಜನವರಿ 1ರಿಂದ ಆರಂಭವಾಗುವ ಲೆಕ್ಕವರ್ಷಗಳಿಗೆ ಅದು ಅನ್ವಯ. ಲಾಭ–ನಷ್ಟದ ಪಟ್ಟಿಯಲ್ಲಿ ಕಾರ್ಯಾಚರಣೆ, ಹೂಡಿಕೆ, ಹಣಕಾಸು ಎಂಬ ವಿಂಗಡಣೆ ತರುತ್ತದೆ, 'ಕಾರ್ಯಾಚರಣೆಯ ಲಾಭ'ವನ್ನು ಪ್ರತ್ಯೇಕವಾಗಿ ತೋರಿಸಲೇಬೇಕು ಎನ್ನುತ್ತದೆ. ಇಷ್ಟು ದಿನ ಆ ಹೆಸರಿನಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ತೋರಿಸುತ್ತಿದ್ದರು. ನಿಮ್ಮ ಪಠ್ಯಕ್ರಮ ಬೇರೆ ಮಾನದಂಡಗಳನ್ನು ಅನುಸರಿಸುತ್ತಿದ್ದರೂ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಏಕೆ ಕಷ್ಟ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಈಗ ಸೋಮವಾರದ ಮೊದಲ ಅವಧಿ. ಸಿದ್ಧ ಪಾಠಯೋಜನೆ ಹಾಕಲಾರೆ ಎಂದರೆ ನಿಮಗೆ ಬೇಸರವಾಗಬಹುದು. ನಿಮ್ಮ ಮಕ್ಕಳನ್ನು ನಾನು ನೋಡಿಲ್ಲ, ಪ್ರಯೋಗಾಲಯದಲ್ಲಿ ಎಷ್ಟು ಕಂಪ್ಯೂಟರ್ ಕೆಟ್ಟು ನಿಂತಿವೆಯೋ ತಿಳಿಯದು. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ ಅದು. ಅದರ ಬದಲು ನಾನು ಕೊಡಬಹುದಾದದ್ದು ತಪ್ಪುಗಳು. ತಮಾಷೆಗೆ ಹೇಳುತ್ತಿಲ್ಲ. ವಾಣಿಜ್ಯ ಮತ್ತು ತಂತ್ರಜ್ಞಾನ ಎರಡನ್ನೂ ಕಲಿಸುವವರಿಗೆ, ದಾಖಲೆಯಾಗಿ ಉಳಿದ ತಪ್ಪಿಗಿಂತ ದೊಡ್ಡ ಸಂಪನ್ಮೂಲವಿಲ್ಲ.

ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಹಾಗೆ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ವ್ಯವಹಾರ ನಿರ್ವಹಣೆ ಓದುತ್ತಿದ್ದಾಗ, ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಅಂಕಿಗಳ ಕೋಷ್ಟಕ ಬರೆದು, ಒಂದನ್ನು ತಿದ್ದಬೇಕಾಗಿ ಬಂದಾಗಲೆಲ್ಲ ಅದಕ್ಕೆ ಹೊಂದಿಕೊಂಡ ಉಳಿದವನ್ನೂ ಅಳಿಸಿ ಬರೆಯುವುದನ್ನು ನೋಡುತ್ತಿದ್ದರಂತೆ. ಒಂದನ್ನು ತಿದ್ದಿದರೆ ಉಳಿದವು ತಾವೇ ತಿದ್ದಿಕೊಳ್ಳುವಂತಿದ್ದರೆ? ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವರು ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು.

ಅಂಥ ಸಾಧನದ ಕೈಯಲ್ಲಿ ಆದ ಎರಡು ತಪ್ಪುಗಳನ್ನು ನಿಮಗೆ ಕೊಡುತ್ತೇನೆ. ಮೊದಲನೆಯದು 2020ರ ಅಕ್ಟೋಬರ್‌ನದು. ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ನಮೂನೆಯ ಕಡತಕ್ಕೆ ತುಂಬುತ್ತಿದ್ದರು. ಅದರಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಮಿಕ್ಕವು ಸದ್ದಿಲ್ಲದೆ ಉದುರಿದವು. ಸೋಂಕಿತರಿಗೆ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. 'ಆ ಮಿತಿ 65,536 ಏಕೆ, 65,000 ಏಕಲ್ಲ?' ಎಂದು ತರಗತಿಯಲ್ಲಿ ಕೇಳಿ. ಎರಡರ ಹದಿನಾರನೆಯ ಘಾತ ಎಂದು ಯಾರಾದರೊಬ್ಬರು ಹೇಳುವವರೆಗೆ ಕಾಯಿರಿ. ಹೊಸ ನಮೂನೆಯ ಮಿತಿ 10,48,576, ಎರಡರ ಇಪ್ಪತ್ತನೆಯ ಘಾತ. ನಂತರ ಲೆಕ್ಕಶಾಸ್ತ್ರದ ಪ್ರಶ್ನೆ: ಒಳಬಂದ ಸಾಲುಗಳನ್ನೂ ಕಡತದಲ್ಲಿ ಕುಳಿತ ಸಾಲುಗಳನ್ನೂ ತಾಳೆ ನೋಡುವ ಒಂದು ಮೊತ್ತ ಇದ್ದಿದ್ದರೆ ಏನಾಗುತ್ತಿತ್ತು? ನಿಮ್ಮ ಬೆಳಗಿನ ಪಾಠ, ಮಧ್ಯಾಹ್ನದ ಪಾಠ ಎರಡೂ ಇಲ್ಲಿ ಒಂದೇ ಮೇಜಿಗೆ ಬಂದು ಕೂರುತ್ತವೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು, ದೊಡ್ಡ ತರಗತಿಗಳಿಗೆ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಲೇಖನವೊಂದು, ಸರ್ಕಾರದ ಸಾಲ ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿಯ) ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ತುಸು ಕೆಳಗೆ, ಶೇ -0.1 ಎಂದು ತೋರಿಸಿತು. ಥಾಮಸ್ ಹರ್ನ್‌ಡನ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ, ಪ್ರಕಟಿತ ಲೇಖನವೊಂದರ ಲೆಕ್ಕವನ್ನು ಮತ್ತೆ ಮಾಡಿ ತೋರಿಸು ಎಂಬ ಮನೆಗೆಲಸ ಸಿಕ್ಕಿತ್ತು. ಮಾಡಿದ. ಉತ್ತರ ಬರಲಿಲ್ಲ. ಲೇಖಕರಿಂದ ಮೂಲ ಕಡತವನ್ನೇ ಕೇಳಿ ಪಡೆದ. ಸರಾಸರಿಯ ಸೂತ್ರ 49ನೆಯ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತು, ಐದು ದೇಶಗಳು ಬಿಟ್ಟುಹೋಗಿದ್ದವು. 2013ರಲ್ಲಿ ತನ್ನ ಪ್ರಾಧ್ಯಾಪಕರೊಂದಿಗೆ ಅವನು ಪ್ರಕಟಿಸಿದ ತಿದ್ದಿದ ಸರಾಸರಿ ಶೇ 2.2.

ಪತ್ರಿಕೆಗಳು 'ಎಕ್ಸೆಲ್ ತಪ್ಪು' ಎಂದು ಬರೆದು ಮುಗಿಸಿದವು. ಹರ್ನ್‌ಡನ್‌ನ ಮೂಲ ವಿಮರ್ಶೆಯನ್ನು ಓದಿದರೆ ಚಿತ್ರ ಬೇರೆ. ಸೂತ್ರದ ತಪ್ಪಿನ ಪಾಲು ಸಣ್ಣದು. ಕೆಲವು ದೇಶಗಳ ಕೆಲವು ವರ್ಷಗಳನ್ನು ಬಿಟ್ಟದ್ದು, ನ್ಯೂಜಿಲೆಂಡಿನ ಒಂದೇ ವರ್ಷಕ್ಕೂ ಬ್ರಿಟನ್ನಿನ ಹತ್ತೊಂಬತ್ತು ವರ್ಷಗಳಿಗೂ ಸಮ ತೂಕ ಕೊಟ್ಟದ್ದು ದೊಡ್ಡ ಪಾಲು. ಅವು ಲೇಖಕರ ಆಯ್ಕೆಗಳು, ಅವನ್ನು ಅವರು ಸಮರ್ಥಿಸಿಕೊಂಡಿದ್ದಾರೆ. ಸೂತ್ರದ ತಪ್ಪನ್ನು ಒಪ್ಪಿಕೊಂಡಿದ್ದಾರೆ. ಯಂತ್ರದ ತಪ್ಪು, ಕೈತಪ್ಪು, ಅಭಿಪ್ರಾಯಭೇದ ಈ ಮೂರನ್ನೂ ವಿದ್ಯಾರ್ಥಿಗಳಿಂದ ಬೇರ್ಪಡಿಸಿ ಬರೆಸಿ. ಒಂದು ಅವಧಿ ಸಾಲದು, ಎರಡು ಇಟ್ಟುಕೊಳ್ಳಿ. ಕೆಳಗಿನ ತರಗತಿಗಾದರೆ ಇಪ್ಪತ್ತು ಸಾಲುಗಳ ಕಡತ ಮಾಡಿ ಹದಿನೈದರವರೆಗೆ ಮಾತ್ರ ಕೂಡುವ ಸೂತ್ರ ಹಾಕಿ, ತಪ್ಪಿದೆ ಎಂದು ಹೇಳದೆ ಕೊಡಿ. ಯಾರು ಕೈಯಲ್ಲಿ ಕೂಡಿ ನೋಡುತ್ತಾರೋ ನೋಡೋಣ.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳಿದಿರಿ. ಬರೆಸಿಕೊಳ್ಳಿ, ಬೇಡ ಎನ್ನಲು ನಾನು ಯಾರು. ಆದರೆ ಅದು ಬರೆದ ಕಂಪನಿಯ ಕಥೆಯನ್ನು ನಿಜವೆಂದು ಮಕ್ಕಳ ಮುಂದಿಡಬೇಡಿ. ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿ ಕಟ್ಟಿಕೊಟ್ಟದ್ದನ್ನು ಪರಿಶೀಲಿಸದೆ ನ್ಯಾಯಾಲಯಕ್ಕೆ ಸಲ್ಲಿಸಿ ನ್ಯೂಯಾರ್ಕಿನ ವಕೀಲರು 2023ರಲ್ಲಿ 5,000 ಡಾಲರ್ ದಂಡ ತೆತ್ತರು. ನಮಗೂ ಅನುಭವವಾಗಿದೆ. ಪರೀಕ್ಷೆಗೆಂದು ಒಂದು ತಾಳೆಪಟ್ಟಿ, ಅಂದರೆ ಖರ್ಚು–ಜಮೆ ಎರಡೂ ಬದಿಯ ಮೊತ್ತ ಸಮವಾಗಬೇಕಾದ ಪಟ್ಟಿ, ಕೇಳಿದೆವು. ಎರಡೂ ಬದಿ ಸಮವಾಗಿವೆ ಎಂದು ಕೆಳಗೆ ಗಂಭೀರವಾಗಿ ಬರೆದುಕೊಟ್ಟಿತು, ಕೂಡಿ ನೋಡಿದರೆ ಸಮ ಇರಲಿಲ್ಲ. ಆ ಹಾಳೆಯನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ತಪ್ಪು ಹುಡುಕುವ ಅಭ್ಯಾಸಕ್ಕೆ ಅಂಥದ್ದನ್ನು ಮನುಷ್ಯರು ಅಷ್ಟು ಸಹಜವಾಗಿ ಬರೆಯಲಾರರು.

ನೀವು ಜೊತೆಗೆ ಕಳಿಸಿದ ಟಿಪ್ಪಣಿಗಳು ಚೆನ್ನಾಗಿವೆ, ಆದರೆ ಎರಡು ಪುಟ ಯಾವುದೋ ಪಠ್ಯದ ನಕಲು. ಓದಲು ಉಚಿತವಾದದ್ದೆಲ್ಲ ಅಚ್ಚಿಗೂ ಉಚಿತವಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. ಹೆಸರು ಹೇಳಿ ಬಳಸಿ, ವ್ಯಾಪಾರಕ್ಕೆ ಬಳಸಬೇಡಿ, ಬದಲಿಸಬೇಡಿ ಎಂಬ ಷರತ್ತುಗಳನ್ನು ಅವು ಸ್ಪಷ್ಟವಾಗಿ ಹೇಳುತ್ತವೆ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್‌ನಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ, ಉದ್ಯಮಶೀಲತೆಯ ಪಠ್ಯಗಳು ಈ ಬಗೆಯ ಪರವಾನಗಿಯಲ್ಲೇ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ನಿಜ. ಲೆಕ್ಕಗಳನ್ನು ಎತ್ತಿಕೊಳ್ಳಲು ಅದು ಅಡ್ಡಿಯಾಗದು.

ಮುಂದಿನ ಸಂಚಿಕೆಯಿಂದ ತಾಣಗಳ ಪಟ್ಟಿ ಇರುವುದಿಲ್ಲ. ಸುದ್ದಿಯ ಪುಟಗಳು ನಾಲ್ಕರಿಂದ ಒಂದಕ್ಕೆ ಇಳಿಯುತ್ತವೆ. ಪ್ರತಿ ಸುದ್ದಿಯ ತಲೆಯ ಮೇಲೆ ಜಾರಿಯ ದಿನಾಂಕ, ಹೊರಡಿಸಿದವರು ಯಾರು, ಪಾಠದ ಯಾವ ವಾಕ್ಯ ಬದಲಾಗಬೇಕು ಎಂಬುದಿರುತ್ತದೆ. ಮೂರನೆಯದನ್ನು ಬರೆಯಲಾಗದಿದ್ದರೆ ಆ ಸುದ್ದಿಯನ್ನು ಹಾಕುವುದಿಲ್ಲ. ಉಳಿದ ಮೂರು ಪುಟ ತಪ್ಪುಗಳಿಗೆ. ಶಿಕ್ಷಕರು ತರಗತಿಯಲ್ಲಿ ಮಾಡಿ ನೋಡಿ, ಎಲ್ಲಿ ಎಡವಿದರು ಎಂಬುದನ್ನೂ ಸೇರಿಸಿ ಬರೆದು ಕಳಿಸಿದರೆ ಮಾತ್ರ ಅಚ್ಚು ಹಾಕುತ್ತೇವೆ. ಮೊದಲನೆಯದನ್ನು ನೀವೇ ಏಕೆ ಬರೆಯಬಾರದು?

ಕೊನೆಗೊಂದು ಸಣ್ಣ ಬಾಕಿ. ತೆರೆಯದ ತಾಣಗಳು ಹನ್ನೊಂದು ಎಂದು ಬರೆದಿದ್ದೀರಿ; ಪತ್ರದ ಹಿಂಬದಿಯಲ್ಲಿ ನೀವು ಪಟ್ಟಿ ಮಾಡಿರುವುದು ಹತ್ತು. ನಾವು ನಲವತ್ತನ್ನೂ ಮತ್ತೆ ತೆರೆದು ನೋಡಿದೆವು, ನಮಗೂ ಹತ್ತೇ ಸಿಕ್ಕವು. ಹನ್ನೊಂದನೆಯದು ಯಾವುದು, ತಿಳಿಸಿ.

ನಿಮ್ಮ,
ಸಂಪಾದಕ