ಬೆಟ್ಟದ ಮೇಲೆ ಹೇಳಬೇಡಿ, ಕೆಳಗಿಳಿದ ಮೇಲೆ ಹೇಳಿ

ನಿಮ್ಮ ಪ್ರಶ್ನೆ ಇದು: ‘ನನಗೆ 24 ವರ್ಷ. ಇನ್ನು ಹತ್ತು ದಿನದಲ್ಲಿ ಲಡಾಖ್‌ನಲ್ಲಿ 6,000 ಮೀಟರ್ ದಾಟಿದ ಶಿಖರವೊಂದನ್ನು ಹತ್ತಲು ಹೊರಟಿದ್ದೇವೆ. ಟೀಮ್‌ನಲ್ಲಿ ಒಬ್ಬಳು ತುಂಬಾ ಇಷ್ಟವಾಗಿದ್ದಾಳೆ. ಅಪಾಯದ ಜಾಗದಲ್ಲಿ ಹುಟ್ಟಿದ ಪ್ರೀತಿ ನಿಜವಾಗಿರುತ್ತಾ? ಶಿಖರದ ಮೇಲೆ ಹೇಳಿಬಿಡಲಾ?’

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ. ದಯವಿಟ್ಟು ಅಲ್ಲಿ ಹೇಳಬೇಡಿ. ಊರಲ್ಲಾದರೆ ಇಷ್ಟವಿಲ್ಲ ಅಂದವಳು ಎದ್ದು ಮನೆಗೆ ಹೋಗಬಹುದು. ಬೇಸ್ ಕ್ಯಾಂಪಲ್ಲಿ ಎಲ್ಲಿಗೆ ಹೋಗ್ತಾಳೆ? ಮರುದಿನ ಅದೇ ಹಗ್ಗಕ್ಕೆ ತನ್ನ ಹಾರ್ನೆಸ್ (ಸೊಂಟಕ್ಕೆ ಹಾಕುವ ಸುರಕ್ಷತಾ ಪಟ್ಟಿ) ಕಟ್ಟಿಕೊಳ್ಳಬೇಕು, ಅದೇ ಟೆಂಟಲ್ಲಿ ಊಟ ಮಾಡಬೇಕು. ‘ಬೇಡ’ ಅನ್ನೋಕೆ ಅವಳಿಗೆ ಜಾಗವೇ ಇರುವುದಿಲ್ಲ.

ಈಗ ಮೊದಲನೇ ಪ್ರಶ್ನೆ. ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು.

2018ರ ಆಗಸ್ಟ್. ನನಗೆ ಆಗ 26. ಲಡಾಖ್‌ನ ಮಾರ್ಖಾ ಕಣಿವೆಯಲ್ಲಿ ನಡೆದು, ಕಾಂಗ್ ಯಾತ್ಸೆ 2 ಅನ್ನೋ ಶಿಖರ ಹತ್ತಲು ಹೋಗಿದ್ದೆವು. ಎತ್ತರ 6,250 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ. ನಾನು ರಾಮನಗರದ ಬಂಡೆಗಳಲ್ಲಿ ಎರಡು ವರ್ಷ ಹತ್ತಿ ಇಳಿದವನು, ಎತ್ತರ ನನಗೇನೂ ಮಾಡಲ್ಲ ಅಂದುಕೊಂಡಿದ್ದೆ. ಟೀಮ್‌ನಲ್ಲಿ ಕೊಲ್ಲಾಪುರದ ಒಬ್ಬ ಹುಡುಗಿ ಇದ್ದಳು. ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಬೆಳೆದವಳು. ಮಾತು ಕಡಿಮೆ. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು, ಇಬ್ಬರದೂ ಹರಕು ಹಿಂದಿ.

ಬೇಸ್ ಕ್ಯಾಂಪ್ ಸುಮಾರು 5,100 ಮೀಟರ್‌ನಲ್ಲಿ. ಅಲ್ಲಿ ನನಗೆ ತಲೆನೋವು ಶುರುವಾಯಿತು. ಊಟ ಸೇರಲಿಲ್ಲ. ಅಡುಗೆಯವರು ಕೊಟ್ಟ ಬೆಳ್ಳುಳ್ಳಿ ಸೂಪನ್ನು ಯಾರಿಗೂ ಕಾಣದ ಹಾಗೆ ಕಲ್ಲಿನ ಹಿಂದೆ ಚೆಲ್ಲಿದೆ. ಗೈಡ್ ಕೇಳಿದಾಗ ‘ಚೆನ್ನಾಗಿದೀನಿ’ ಅಂದೆ. ವಾಪಸ್ ಕಳಿಸಿಬಿಡ್ತಾರೆ ಅನ್ನೋ ಭಯ.

ರಾತ್ರಿ ಹನ್ನೊಂದೂವರೆಗೆ ಹೊರಟೆವು. ರಾತ್ರಿಯೇ ಯಾಕೆ ಅಂದರೆ, ಚಳಿಗೆ ಹಿಮ ಗಟ್ಟಿಯಾಗಿರುತ್ತೆ, ಬೂಟಿನ ಅಡಿಗೆ ಕಟ್ಟುವ ಕ್ರಾಂಪಾನ್‌ನ ಲೋಹದ ಮುಳ್ಳು ಸರಿಯಾಗಿ ಕಚ್ಚುತ್ತೆ. ಬಿಸಿಲು ಏರಿದರೆ ಹಿಮ ಮೆತ್ತಗಾಗುತ್ತೆ, ಕಲ್ಲುಗಳೂ ಉರುಳುತ್ತವೆ. ಒಂದೇ ಹಗ್ಗಕ್ಕೆ ಐದು ಜನ. ಮುಂದೆ ಗೈಡ್, ನನ್ನ ಹಿಂದೆ ಅವಳು.

ಮೂರು ಗಂಟೆಯ ಹೊತ್ತಿಗೆ ನನ್ನ ಕ್ರಾಂಪಾನ್ ನನ್ನದೇ ಪ್ಯಾಂಟಿಗೆ ಸಿಕ್ಕಿ ಎರಡು ಸಲ ಮುಗ್ಗರಿಸಿದೆ. ‘ಏನಾಯ್ತು?’ ಅಂದಳು. ‘ಏನಿಲ್ಲ’ ಅಂದೆ. ಅವಳು ನನ್ನನ್ನು ಇನ್ನೊಮ್ಮೆ ಕೇಳಲಿಲ್ಲ. ನೇರವಾಗಿ ಗೈಡ್‌ಗೆ ಕೂಗಿದಳು: ‘ಇವನಿಗೆ ಹುಷಾರಿಲ್ಲ. ನಿನ್ನೆಯಿಂದ ಏನೂ ತಿಂದಿಲ್ಲ. ಸೂಪ್ ಚೆಲ್ಲಿದ್ದನ್ನು ನಾನೇ ನೋಡಿದೆ.’

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೈಡ್ ಕೆಳಗೆ ಬಂದು, ಹಗ್ಗದ ತುಂಡೊಂದನ್ನು ಕೈಗೆ ಕೊಟ್ಟು ಫಿಗರ್ ಎಯ್ಟ್ ಗಂಟು ಹಾಕು ಅಂದರು. ರಾಮನಗರದಲ್ಲಿ ನೂರಾರು ಸಲ ಹಾಕಿದ ಗಂಟು. ಕಣ್ಣು ಮುಚ್ಚಿ ಹಾಕ್ತಿದ್ದೆ. ಆವತ್ತು ಹಗ್ಗದ ತುದಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತಲೇ ಹೊಳೆಯಲಿಲ್ಲ. ಸಿಟ್ಟು ಇಳಿದು ಹೆದರಿಕೆ ಶುರುವಾದದ್ದು ಆಗ.

ಎತ್ತರದಲ್ಲಿ ಮಿದುಳಿಗೆ ಊತ ಬಂದರೆ ಮೊದಲು ಕಾಣುವುದು ಹೀಗೇ: ಹೆಜ್ಜೆ ತಪ್ಪುತ್ತೆ, ಗೊತ್ತಿದ್ದ ಕೆಲಸ ಮರೆಯುತ್ತೆ. ಕುಡಿದವರ ಹಾಗೆ. ಅದಕ್ಕೆ ದೊಡ್ಡ ಔಷಧಿ ಅಂದರೆ ಕೆಳಗಿಳಿಯುವುದು. ಇನ್ನೂ ಎರಡು ಗಂಟೆ ಮೇಲಕ್ಕೆ ಹೋಗಿದ್ದರೆ ನಾನು ಇದನ್ನು ಬರೆಯಲು ಇರುತ್ತಿದ್ದೆನೋ ಇಲ್ಲವೋ. ಸಹಾಯಕ ಗೈಡ್ ನನ್ನನ್ನು ಇಳಿಸಿಕೊಂಡು ಬಂದರು. ಅವಳು ಮೇಲೆ ಹೋದಳು, ಶಿಖರ ಮುಟ್ಟಿದಳು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ವಾಪಸ್ ಬಂದಳು. ಹನ್ನೊಂದೂವರೆ ಗಂಟೆ ನಡೆದಿದ್ದಾಳೆ. ತುಟಿ ಬಿರಿದಿತ್ತು. ಬೂಟು ಬಿಚ್ಚಲಿಲ್ಲ, ನೀರೂ ಕುಡಿಯಲಿಲ್ಲ. ಸೀದಾ ನನ್ನ ಟೆಂಟಿಗೆ ಬಂದು ನನ್ನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿ ಕೂತಳು. ನಂಬರ್ ಬರುವ ತನಕ ಒಂದು ಮಾತೂ ಇಲ್ಲ. 79 ಬಂತು. ಆ ಎತ್ತರಕ್ಕೆ ಪರವಾಗಿಲ್ಲ. ‘ಸರಿ’ ಅಂದು ಎದ್ದು ಹೋದಳು.

ನನಗೆ ಪ್ರೀತಿಯಾದದ್ದು ಆ ‘ಸರಿ’ಗೆ.

ಮರುದಿನ ನನ್ನನ್ನು ಕಣಿವೆಯ ಕಡೆ, ಹಂಕರ್ ಹಳ್ಳಿಗೆ ಇಳಿಸಿದರು. ಅವಳು ಉಳಿದವರ ಜೊತೆ ಕೊಂಗ್ಮಾರು ಲಾ ಅನ್ನೋ ಎತ್ತರದ ಘಾಟಿ ದಾಟಿ ಹೋದಳು. ಲೇಹ್‌ನಲ್ಲಿ ಸಿಕ್ಕಾಗಲೇ ಶಿಖರದ ಫೋಟೋ ತೋರಿಸಿದ್ದು, ಅದೂ ನಾನು ಕೇಳಿದ ಮೇಲೆ. ಅಲ್ಲೂ ನಾನು ಏನೂ ಹೇಳಲಿಲ್ಲ.

ಯಾಕೆ ಅಂದರೆ ನಿಮಗೆ ಬಂದಿರುವ ಅನುಮಾನ ನನಗೂ ಇತ್ತು. 1974ರಲ್ಲಿ ಡಟನ್, ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ಕಪಿಲಾನೋ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದ್ದರು. ಓಲಾಡುವ ಆ ಎತ್ತರದ ಸೇತುವೆಯ ಮೇಲೆ ಒಬ್ಬ ಯುವತಿ ಗಂಡಸರನ್ನು ಮಾತಾಡಿಸಿ ತನ್ನ ಫೋನ್ ನಂಬರ್ ಕೊಡುತ್ತಾಳೆ. ಗಟ್ಟಿಯಾದ, ತಗ್ಗಿನ ಸೇತುವೆಯ ಮೇಲೆ ಸಿಕ್ಕವರಿಗಿಂತ ಇಲ್ಲಿ ಸಿಕ್ಕವರೇ ಅವಳಿಗೆ ಜಾಸ್ತಿ ಫೋನ್ ಮಾಡಿದರು. ಭಯಕ್ಕೆ ಎದೆ ಹೊಡೆದುಕೊಳ್ಳುವುದನ್ನು ಮನಸ್ಸು ಆಕರ್ಷಣೆ ಅಂತ ತಿಳಿದುಕೊಳ್ಳಬಹುದು ಅನ್ನೋದು ಅವರ ವಾದ. ಬೆಟ್ಟದಲ್ಲಿ ಇದು ಸುಲಭವಾಗಿ ಆಗುತ್ತೆ. ಅದಕ್ಕೇ ಎದೆಬಡಿತವನ್ನು ಅಲ್ಲಿ ನಂಬಬೇಡಿ.

ಆದರೆ ಬೆಟ್ಟದಲ್ಲಿ ಕಣ್ಣಾರೆ ನೋಡಿದ ನಡತೆಯನ್ನು ನಂಬಬಹುದು. ಊರಲ್ಲಿ ಆರು ತಿಂಗಳು ಕಾಫಿ ಕುಡಿದರೂ ಗೊತ್ತಾಗದ್ದು ಅಲ್ಲಿ ಒಂದು ರಾತ್ರಿಯಲ್ಲಿ ಗೊತ್ತಾಗುತ್ತೆ.

ಇಟಲಿಯ ನಿವೆಸ್ ಮೆರೋಯಿ ಮತ್ತು ಅವರ ಗಂಡ ರೊಮಾನೋ ಬೆನೆಟ್ ಅವರ ವಿಷಯ ನನಗೆ ಆಗಾಗ ನೆನಪಾಗುತ್ತೆ. 8,000 ಮೀಟರ್ ಮೀರಿದ 14 ಶಿಖರಗಳನ್ನೂ ಹತ್ತಿದ ಮೊದಲ ಮಹಿಳೆ ಯಾರಾಗುತ್ತಾರೆ ಅನ್ನೋ ಪೈಪೋಟಿಯಲ್ಲಿ ನಿವೆಸ್ ಮುಂಚೂಣಿಯಲ್ಲಿದ್ದರು. 2009ರಲ್ಲಿ ಕಾಂಚನಜುಂಗಾದ ಮೇಲೆ ಗಂಡನಿಗೆ ಕಾಲೆತ್ತಿಡಲೂ ಆಗಲಿಲ್ಲ. ನಿವೆಸ್ ಗಂಡನ ಜೊತೆ ಇಳಿದುಬಿಟ್ಟರು, ಪೈಪೋಟಿಯನ್ನೂ ಬಿಟ್ಟರು. ರೊಮಾನೋಗೆ ರಕ್ತದ ಗಂಭೀರ ಕಾಯಿಲೆ ಇತ್ತು, ಎರಡು ಸಲ ಅಸ್ಥಿಮಜ್ಜೆ ಕಸಿ ಮಾಡಬೇಕಾಯಿತು. 2014ರಲ್ಲಿ ಇಬ್ಬರೂ ಕಾಂಚನಜುಂಗಾಕ್ಕೇ ಮರಳಿ ಹೋಗಿ ಹತ್ತಿದರು. 2017ರಲ್ಲಿ ಅನ್ನಪೂರ್ಣ ಹತ್ತಿ 14 ಶಿಖರಗಳನ್ನೂ ಮುಗಿಸಿದರು, ಅದೂ ಸಿಲಿಂಡರ್ ಆಕ್ಸಿಜನ್ ಇಲ್ಲದೆ. ಗಂಡ ಹೆಂಡತಿ ಜೊತೆಯಾಗಿ ಇದನ್ನು ಸಾಧಿಸಿದ್ದು ಅದೇ ಮೊದಲು.

ನನ್ನವಳು ನನಗೋಸ್ಕರ ಇಳಿಯಲಿಲ್ಲ ನೋಡಿ. ಇಳಿಯಬೇಕಾಗಿಯೂ ಇರಲಿಲ್ಲ, ನನ್ನ ಜೊತೆ ಜನ ಇದ್ದರು. ಅವಳು ನಿಜ ಹೇಳಿದಳು, ತನ್ನ ಶಿಖರ ಹತ್ತಿದಳು, ಬಂದು ನನ್ನನ್ನು ನೋಡಿದಳು. ನನಗೆ ಅಷ್ಟು ಬೇಕಾದಷ್ಟಾಯಿತು.

ಬೆಂಗಳೂರಿಗೆ ಬಂದು ಎರಡು ತಿಂಗಳು ಸುಮ್ನೆ ಇದ್ದೆ. ಟ್ರಾಫಿಕ್ಕಲ್ಲಿ, ಆಫೀಸಲ್ಲಿ, ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿ ಹುಡುಗಿಯರ ಜಾತಕದ ವಿಷಯ ಹೇಳುವಾಗ, ಪ್ರತಿಸಲ ಆ ‘ಸರಿ’ ಕೇಳಿಸುತ್ತಿತ್ತು. ಆಗ ಕೊಲ್ಲಾಪುರಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇತ್ತು. ರಾತ್ರಿ ಹತ್ತಿ ಹೋದೆ. ಅವಳ ಮನೆ ಹತ್ತಿರದ ಹೋಟೆಲ್‌ನಲ್ಲಿ ಮಿಸಳ್ ತಿನ್ನುತ್ತಾ ಹೇಳಿದೆ. ಅವಳು ಯೋಚನೆ ಮಾಡಲು ಮೂರು ವಾರ ತೆಗೆದುಕೊಂಡಳು.

2021ರಲ್ಲಿ ಮದುವೆಯಾದೆವು. ಈಗಲೂ ಬೆಟ್ಟಕ್ಕೆ ಹೋದರೆ ಸಂಜೆ ಟೆಂಟಲ್ಲಿ ಕೈ ಚಾಚುತ್ತಾಳೆ, ನಾನು ಬೆರಳು ಕೊಡ್ತೀನಿ. ಸೂಪ್ ಪೂರ್ತಿ ಕುಡಿಯುತ್ತೇನೆ.

ನೀವೂ ಹೋಗಿ ಬನ್ನಿ. ಅಲ್ಲಿ ತಲೆನೋವು ಬಂದರೆ ಅವಳೆದುರು ಗಟ್ಟಿಗನ ಹಾಗೆ ಕಾಣಬೇಕು ಅಂತ ಮುಚ್ಚಿಡಬೇಡಿ, ಗೈಡ್‌ಗೆ ತಕ್ಷಣ ಹೇಳಿ. ಊರಿಗೆ ಬಂದು ಒಂದೆರಡು ತಿಂಗಳಾದ ಮೇಲೂ ಮನಸ್ಸು ಹೀಗೇ ಇದ್ದರೆ ಅವಳಿಗೆ ಫೋನ್ ಮಾಡಿ.