ಚಿಪ್ಪೆಂಡೇಲ್ ಕುರ್ಚಿಯನ್ನು ಚಿಪ್ಪೆಂಡೇಲನೇ ಮಾಡಿದ್ದಾ?

ಅಂಗಡಿಯವರು ತೋರಿಸಿದ ಹಳೇ ಕುರ್ಚಿಯ ಕಾಲಿನ ತುದಿಯಲ್ಲಿ ಹಕ್ಕಿಯ ಉಗುರು ಚೆಂಡನ್ನು ಹಿಡಿದ ಕೆತ್ತನೆ ಇದೆ, ಅದಕ್ಕೇ ಅದು ಅಸಲಿ ಚಿಪ್ಪೆಂಡೇಲ್, ಅಂದರೆ 18ನೇ ಶತಮಾನದ ಲಂಡನ್ ಬಡಗಿ ಥಾಮಸ್ ಚಿಪ್ಪೆಂಡೇಲ್ ಮಾಡಿದ್ದು ಅಂತಾರೆ, ನಿಜವಾ ಎಂದು ಕೇಳಿದ್ದೀರಿ. ಹಳೇ ಕುರ್ಚಿಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ನನಗಿದೆ, ಹಾಗಾಗಿ ಬರೀತಿದ್ದೀನಿ.

ನನಗೆ ಅನುಮಾನ ಬಂದದ್ದೇ ಆ ಕಾಲು ನೋಡಿ. ಚಿಪ್ಪೆಂಡೇಲ್ 1754ರಲ್ಲಿ 'ಡೈರೆಕ್ಟರ್' ಎಂಬ, ಪೀಠೋಪಕರಣಗಳ ನಮೂನೆ ಪುಸ್ತಕ ಹೊರತಂದ. ನೂರಾರು ಚಿತ್ರಗಳಿರುವ ಅದರಲ್ಲಿ ಅಂಥ ಕಾಲು ಒಂದೂ ಇಲ್ಲ! ಲಂಡನ್ನಿನಲ್ಲಿ ಅದು ಹಿಂದಿನ ತಲೆಮಾರಿನ ಫ್ಯಾಷನ್. ಇವನು ಫ್ರೆಂಚ್ ಬಳುಕು, ಚೀನೀ ಜಾಲರಿ, ಗಾಥಿಕ್ (ಹಳೇ ಚರ್ಚುಗಳ ಚೂಪು) ಕಮಾನುಗಳ ಕಡೆ ಹೊರಟಿದ್ದ.

ಯಾರ್ಕ್‌ಷೈರಿನ ಆಟ್ಲಿಯಲ್ಲಿ 1718ರಲ್ಲಿ ಹುಟ್ಟಿದ ಬಡಗಿ ಮಗ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಅಂಗಡಿ ಇಟ್ಟ. 1755ರಲ್ಲಿ ಅಲ್ಲಿ ಬೆಂಕಿ ಬಿದ್ದಾಗ 22 ಕೆಲಸಗಾರರ ಉಪಕರಣದ ಪೆಟ್ಟಿಗೆಗಳು ಸುಟ್ಟವಂತೆ. ಅಂದರೆ ಉಳಿ ಹಿಡಿಯುತ್ತಿದ್ದವರು ಬಹುಪಾಲು ಬೇರೆಯವರೇ. ಪುಸ್ತಕ ಕೊಂಡ ಬೇರೆ ಬಡಗಿಗಳೂ ಅದೇ ನಮೂನೆ ಮಾಡಿದರು. ಅವನು ತನ್ನ ಕೆಲಸದ ಮೇಲೆ ಮುದ್ರೆ ಒತ್ತುತ್ತಿರಲಿಲ್ಲ. ಹಾಗಾಗಿ ಗಟ್ಟಿ ಸಾಕ್ಷಿ ಅಂದರೆ ಅವನು ಗಿರಾಕಿಗೆ ಕೊಟ್ಟ ಬಿಲ್. ಹೇರ್‌ವುಡ್ ಅರಮನೆಗೆ ಡಯಾನಾ, ಮಿನರ್ವಾ ದೇವತೆಗಳ ಚಿತ್ರ ಕೂಡಿಸಿ ಮಾಡಿದ ಒಂದು ಕಮೋಡಿಗೆ 1773ರಲ್ಲಿ 86 ಪೌಂಡ್ ಬಿಲ್ ಮಾಡಿದ್ದಾನೆ. (ಇಲ್ಲಿ ಕಮೋಡ್ ಅಂದರೆ ಡ್ರಾಯರುಗಳ ಬೀರು, ನಗಬೇಡಿ.) ಆ ಅರಮನೆಯವರ ದುಡ್ಡು ವೆಸ್ಟ್ ಇಂಡೀಸಿನ ಸಕ್ಕರೆ, ಗುಲಾಮರ ದುಡಿಮೆಯಿಂದ ಬಂದದ್ದು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಹೆಪಲ್‌ವೈಟ್ ಎಂಬ ಅದೇ ಶತಮಾನದ ಇನ್ನೊಬ್ಬ ಇಂಗ್ಲಿಷ್ ಬಡಗಿಯ ಕಥೆ ಇನ್ನೂ ತಮಾಷೆ. ಗುರಾಣಿ ಆಕಾರದ ಬೆನ್ನಿನ ಕುರ್ಚಿಗೆಲ್ಲ ಅವನ ಹೆಸರು. ಆದರೆ ಅವನೇ ಮಾಡಿದ್ದು ಎಂದು ಖಚಿತವಾಗಿ ತೋರಿಸಬಹುದಾದ ಒಂದು ಸ್ಟೂಲೂ ಉಳಿದಿಲ್ಲ. ಅವನ ನಮೂನೆ ಪುಸ್ತಕವೂ ಬಂದದ್ದು ಅವನು ಸತ್ತು ಎರಡು ವರ್ಷದ ಮೇಲೆ, 1788ರಲ್ಲಿ, ಹೆಂಡತಿ ಆಲಿಸ್ ತರಿಸಿದ್ದು.

ನನಗೆ ಇಷ್ಟವಾದದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಮಂಚ. ನಟ ಡೇವಿಡ್ ಗ್ಯಾರಿಕ್‌ಗಾಗಿ ಸುಮಾರು 1775ರಲ್ಲಿ ಚಿಪ್ಪೆಂಡೇಲ್ ಮಾಡಿಕೊಟ್ಟದ್ದು. ಮಹಾಗನಿಯ ಹೊಳಪಿಲ್ಲ, ಬಿಳಿ-ಹಸಿರು ಬಣ್ಣ ಬಳಿದಿದೆ. ಪರದೆ ಮಾತ್ರ ಮಚಲೀಪಟ್ಟಣದ ಹತ್ತಿಬಟ್ಟೆ, ನಾವು ಕಲಂಕಾರಿ ಅನ್ನೋ ಜಾತಿಯದು. ಕಲ್ಕತ್ತದ ವ್ಯಾಪಾರಿಗಳು ಕೊಟ್ಟ ಉಡುಗೊರೆ. ತಮ್ಮ ನೇಕಾರರನ್ನು ಉಳಿಸಿಕೊಳ್ಳೋಕೆ ಇಂಗ್ಲೆಂಡ್ ಇಂಥ ಬಟ್ಟೆ ಬಳಸೋದನ್ನೇ ತಡೆದಿತ್ತು. ಸುಂಕದವರು ಬಂದು ಪರದೆ ಜಪ್ತಿ ಮಾಡಿಕೊಂಡು ಹೋದರು. ಪಾಪ, ಗ್ಯಾರಿಕ್ ಅದನ್ನು ಬಿಡಿಸಿಕೊಳ್ಳೋಕೆ ಅಧಿಕಾರಿಗಳಿಗೆ ಅರ್ಜಿ ಬರೆದ.

ಈಗ ನಿಮ್ಮ ಕುರ್ಚಿ. ಅದನ್ನು ತಲೆಕೆಳಗು ಮಾಡಿ, ಪಾಲಿಶ್ ತಾಗದ ಅಡಿಭಾಗಕ್ಕೆ ಟಾರ್ಚ್ ಅಡ್ಡಲಾಗಿ ಹಿಡಿಯಿರಿ. ಗರಗಸದ ಗೆರೆಗಳು ಕಮಾನಿನಂತೆ ಬಾಗಿದ್ದರೆ ಅದು ತಿರುಗುವ ಯಂತ್ರದ ಗರಗಸ. 19ನೇ ಶತಮಾನ, ಇಲ್ಲವೇ ಆಮೇಲಿನದು. ಮರ ಬೀಟೆಯಾಗಿದ್ದರೆ ನಮ್ಮ ಕಡೆಯ ಬಡಗಿಯೇ ಮಾಡಿರಬಹುದು. ಕೆಲಸ ಚೆನ್ನಾಗಿದ್ದರೆ ಅದಕ್ಕೂ ಒಳ್ಳೇ ಬೆಲೆ ಕೊಡಿ. ಆದರೆ ಬಿಲ್ಲಿನಲ್ಲಿ "ಚಿಪ್ಪೆಂಡೇಲ್ ಶೈಲಿ" ಅಂತಲೇ ಬರೆಸಿಕೊಳ್ಳಿ.